ದೀಪ ಹಚ್ಚುವ ಹೊತ್ತಿಗೆ ಕೆಂಪಾಗುತ್ತಿದ್ದ ರೂಟರ್

ಹೆಂಡತಿ ಸರೋಜಾ ಹೋದ ಮೇಲೆ ಮನೆಯಲ್ಲಿ ಕೂರಲು ಆಗುತ್ತಿಲ್ಲ. ಚಹಾಕ್ಕೆ ನೀರಿಟ್ಟು ಅಂಗಳಕ್ಕೆ ಹೋಗುತ್ತೇನೆ, ಅಂಗಳದಿಂದ ಬೀದಿಗೆ ಹೋಗುತ್ತೇನೆ. ಒಲೆಯ ಮೇಲೆ ನೀರು ಇಂಗಿ ಪಾತ್ರೆ ಸೀದ ವಾಸನೆ ಬಂದಾಗ ನೆನಪಾಗುತ್ತದೆ. ಇದನ್ನು ಬರೆಯುವಾಗಲೂ ಮತ್ತೆ ಮತ್ತೆ ಎದ್ದಿದ್ದೇನೆ. ಬರಹ ಅಲ್ಲಲ್ಲಿ ಹರಿದಂತೆ ಕಂಡರೆ ಓದುವವರು ಸಹಿಸಿಕೊಳ್ಳಬೇಕು.

ನಾನು ಟೆಲಿಫೋನ್ ಇಲಾಖೆಗೆ ಲೈನ್‌ಮನ್ ಆಗಿ ಸೇರಿದವನು. ಕೊಟ್ಟೂರು ನನ್ನೂರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಲ್ಲ ಕಡೆ ಕಂಬ ಹತ್ತಿದ್ದೇನೆ. ತಾಮ್ರದ ತಂತಿಯ ಕಾಲದಲ್ಲಿ ಶುರುಮಾಡಿ ಫೈಬರ್ ಎನ್ನುವ ಗಾಜಿನ ಎಳೆಯ ಕಾಲದಲ್ಲಿ ಮುಗಿಸಿದೆ. ಯಾವ ವರ್ಷ ಯಾವ ಹುದ್ದೆಯಲ್ಲಿದ್ದೆ ಎನ್ನುವುದು ಪಿಂಚಣಿ ಕಾಗದದಲ್ಲಿದೆ, ಇಲ್ಲಿ ಬೇಡ. ಈಗ ಮನೆ ಮನೆಗೆ ಇಂಟರ್ನೆಟ್ ಹಾಕುವ ಕೆಲಸಕ್ಕೆ ಬರುತ್ತಿರುವವರಿಗೆ ಕೆಲವು ಸಂಗತಿ ಹೇಳಬೇಕಿದೆ. ಅದರಲ್ಲೂ ಮುಖ್ಯವಾಗಿ ಕೂಡ್ಲಿಗಿ ತಾಲ್ಲೂಕಿನ ಒಂದು ಕುರಿಗಾರರ ಹಟ್ಟಿಯ ಹೊಸ ರೂಟರ್ ವಿಷಯ. ಅದು ಸರಿಯಾಗದಿದ್ದರೆ ಅಲ್ಲಿಯ ಒಬ್ಬ ತಾಯಿಗೆ ತನ್ನ ಮಗುವಿನ ಬಗ್ಗೆ ತನ್ನ ಮನಸ್ಸಿನಲ್ಲಿದ್ದದ್ದನ್ನು ಗಂಡನಿಗೆ ತಿಳಿಸಲು ಬೇರೆ ದಾರಿ ಇರಲಿಲ್ಲ.

ಅದಕ್ಕೆ ಬರುವ ಮೊದಲು ಸರೋಜಾಳ ವಿಷಯ ಹೇಳಬೇಕು. ಅವಳನ್ನು ಬಿಟ್ಟು ನನ್ನ ಕೆಲಸದ ಕಥೆ ಹೇಳಲು ಬರುವುದಿಲ್ಲ.

ತಂತಿಯ ಕಾಲದಲ್ಲಿ ಫೋನು ಕೆಟ್ಟವರು ದೂರು ಕೊಡುವುದು ಹೇಗೆ? ಅವರ ಫೋನೇ ಕೆಟ್ಟಿರುತ್ತಿತ್ತು. ಆದ್ದರಿಂದ ನಡೆದೋ ಸೈಕಲ್ ಮೇಲೋ ನಮ್ಮ ಮನೆಗೆ ಬರುತ್ತಿದ್ದರು. ನಾನು ಯಾವುದೋ ಊರಿನ ಕಂಬದ ಮೇಲಿರುತ್ತಿದ್ದೆ. ಬಾಗಿಲಲ್ಲಿ ಅವಳು ಇರುತ್ತಿದ್ದಳು. ಏಳನೆಯ ತರಗತಿ ಓದಿದವಳು, ಫೋನಿನ ಒಳಗೇನಿದೆ ಎಂದು ಕಂಡವಳಲ್ಲ. ಆದರೆ ಬಂದವರನ್ನು ಕೂರಿಸಿ ನೀರು ಕೊಟ್ಟು ಕೇಳುವ ಒಂದು ಕ್ರಮ ಅವಳಿಗಿತ್ತು. ‘ಏನು ಕೆಟ್ಟೈತಿ’ ಎಂದು ಕೇಳುತ್ತಿರಲಿಲ್ಲ. ‘ಬೆಳಿಗ್ಗೆ ಎದ್ದಾಗಿಂದ ಮನ್ಯಾಗ ಏನೇನು ಮಾಡ್ತೀರಿ, ಹೇಳಿಕೋತ ಬರ್ರಿ’ ಎನ್ನುತ್ತಿದ್ದಳು.

ನಾವು ಹಡಗಲಿಯಲ್ಲಿದ್ದಾಗ ಮೈಲಾರದ ದಾರಿಯ ಒಂದು ಊರಿನಿಂದ ಕಿರಾಣಿ ಅಂಗಡಿಯ ಈರಣ್ಣ ಪದೇ ಪದೇ ಬರುತ್ತಿದ್ದ. ದಿನಾ ಸಂಜೆ ಫೋನಿನಲ್ಲಿ ಕರಕರ ಸದ್ದು, ಮಾತೇ ಕೇಳುವುದಿಲ್ಲ ಎಂಬ ದೂರು. ನಾನು ಬೆಳಿಗ್ಗೆ ಹೋದರೆ ಗಂಟೆ ಬಾರಿಸಿದಷ್ಟು ಸ್ಪಷ್ಟ. ತಂತಿ ಬದಲಿಸಿದೆ, ಪೆಟ್ಟಿಗೆ ಬದಲಿಸಿದೆ. ಸಂಜೆ ಮತ್ತೆ ಕರಕರ. ಆಗ ನಮಗೊಬ್ಬ ಸಾಹೇಬರಿದ್ದರು, ಧಾರವಾಡದ ಕಡೆಯವರು, ನಕ್ಕಿದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ವರದಿ ನೋಡಿ ಅವರು ಹೇಳಿದ್ದು ಇಷ್ಟೇ: “ದೋಷ ಇದ್ದಾಗ ಹೋಗಪಾ. ಇಲ್ಲದಾಗ ಹೋಗಿ ಎಲ್ಲಾ ಛಲೋ ಐತಿ ಅಂತ ಬರದು ಬರೂದು ಕೆಲಸಲ್ಲ.”

ನಾನು ಸಂಜೆ ಹೋಗಬೇಕು ಎನ್ನುವಷ್ಟರಲ್ಲಿ ಈರಣ್ಣ ಮತ್ತೆ ನಮ್ಮ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಸರೋಜಾ ಕೇಳುತ್ತಿದ್ದಳು.

“ಸಂಜಿ ಆದ್ಮ್ಯಾಲೆ ಏನು ಮಾಡ್ತೀರಣ್ಣ?”

“ಏನೂ ಇಲ್ಲ ಯಕ್ಕ. ದನ ಬರ್ತಾವು. ಕಟ್ಟತೀವಿ, ಹಾಲು ಹಿಂಡತೀವಿ.”

“ಎಲ್ಲಿ ಕಟ್ಟತೀರಿ?”

“ಎಮ್ಮಿ ಬ್ಯಾರೆ ಕಡಿ, ಆಕಳು ಬ್ಯಾರೆ ಕಡಿ.”

“ಎಮ್ಮಿ ಎಲ್ಲಿ?”

“ಕಂಬಕ್ಕ.”

“ಯಾವ ಕಂಬಕ್ಕ?”

ಈರಣ್ಣ ನನ್ನ ಕಡೆ ನೋಡಿ, ಅವಳ ಕಡೆ ನೋಡಿ, ಮೆಲ್ಲಗೆ ಹೇಳಿದ: “ನಿಮ್ಮ ಯಜಮಾನ್ರ ಕಂಬಕ್ಕೇ.”

ಮೇದು ಬಂದ ಎಮ್ಮೆ ಕಂಬಕ್ಕೆ ಬೆನ್ನು ತಿಕ್ಕುತ್ತಿತ್ತು. ಮೇಲೆ ತಂತಿ ಸೇರಿಸಿದ ಜಾಗ ಸಡಿಲಾಗಿ ಅಲುಗುತ್ತಿತ್ತು. ಆ ದಿನದಿಂದ ಸಾಹೇಬರ ಮಾತು, ಸರೋಜಾಳ ಪ್ರಶ್ನೆ ಎರಡನ್ನೂ ನಾನು ಬಿಡಲಿಲ್ಲ. ಇವೆರಡು ಗೊತ್ತಿದ್ದರೆ ಈ ಕೆಲಸದ ಅರ್ಧ ಬಂದಂತೆ.

ಉಳಿದರ್ಧ ಕೈಗೆ ಸಂಬಂಧಿಸಿದ್ದು. ತಾಮ್ರದ ಕಾಲದಲ್ಲಿ ನಮ್ಮದೆಲ್ಲ ಕಿವಿಯ ಕೆಲಸ. ತಂತಿಗೆ ಫೋನು ಕಚ್ಚಿಸಿ ಕಿವಿಗೊಟ್ಟರೆ ನೀರು ಸೇರಿದೆಯೋ, ತುಂಡಾಗಿದೆಯೋ, ಎರಡು ತಂತಿ ತಾಗಿವೆಯೋ ಹೇಳಬಹುದಿತ್ತು. ಗಾಜಿನ ಎಳೆ ಬಂದಾಗ ನನ್ನ ವಯಸ್ಸಿನವರು ಕಂಗಾಲಾದೆವು. ಅದರಲ್ಲಿ ಓಡುವುದು ಬೆಳಕು. ಅದು ಕಣ್ಣಿಗೆ ಕಾಣುವುದೂ ಇಲ್ಲ, ಆದರೆ ತುದಿಗೆ ಕಣ್ಣಿಟ್ಟರೆ ಕಣ್ಣು ಹೋಗಬಹುದು. ಹೊಸಬರು ಮೊದಲು ಕಲಿಯಬೇಕಾದದ್ದು ಇದು: ತುದಿಯೊಳಗೆ ಎಂದೂ ಇಣುಕಬೇಡಿ.

ಹೊಸ ರೂಟರ್ ಹಾಕಿದ ಮನೆಯಿಂದ ‘ಇಂಟರ್ನೆಟ್ ಬರ್ತಿಲ್ಲ’ ಎಂದು ಫೋನು ಬಂದರೆ ಕಂಬ ಹತ್ತಲು ಓಡಬೇಡಿ. ಕರೆಂಟು ಇದೆಯೇ, ಚುಚ್ಚಿದ ಅಡಾಪ್ಟರ್ ಅದರದ್ದೇ ಹೌದೇ ನೋಡಿ. ಟಿ.ವಿ. ಪೆಟ್ಟಿಗೆಯ ಅಡಾಪ್ಟರ್ ಚುಚ್ಚಿದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಆಮೇಲೆ ದೀಪ ನೋಡಿ. ಕೆಂಪು ದೀಪ ಮಿಣುಕುತ್ತಿದ್ದರೆ ಬೆಳಕು ಪೆಟ್ಟಿಗೆಯವರೆಗೆ ಬಂದಿಲ್ಲ. ಎಳೆ ಎಲ್ಲೋ ಮುರಿದಿದೆ, ತೀರಾ ಬಗ್ಗಿದೆ, ಇಲ್ಲವೇ ತುದಿ ಕೊಳೆಯಾಗಿದೆ. ಹಸಿರು ನಿಂತಿದ್ದೂ ಇಂಟರ್ನೆಟ್ ಇಲ್ಲವೆಂದರೆ ಹೆಸರು, ಪಾಸ್‌ವರ್ಡ್ ಹೊಂದಿಸಿದ್ದರಲ್ಲಿ ತಪ್ಪಿದೆ. ಅದೂ ಸರಿ ಇದ್ದರೆ ಪೆಟ್ಟಿಗೆ ಎಲ್ಲಿಟ್ಟಿದ್ದಾರೆ ನೋಡಿ. ಹರಪನಹಳ್ಳಿಯ ಒಂದು ಮನೆಯಲ್ಲಿ ಎಲ್ಲ ಸರಿ, ಇಂಟರ್ನೆಟ್ ಮಾತ್ರ ಇಲ್ಲ. ಪೆಟ್ಟಿಗೆ ಎಲ್ಲಿ ಎಂದರೆ ಯಜಮಾನಿತಿ ಕಬ್ಬಿಣದ ಬೀರುವಿನ ಬೀಗ ತೆಗೆದಳು. ರೇಷ್ಮೆ ಸೀರೆಗಳ ನಡುವೆ ಅದು ಹಸಿರು ದೀಪ ಹಚ್ಚಿಕೊಂಡು ಕೂತಿತ್ತು.

“ಹೊಸಾದು ಐತ್ರಿ, ಧೂಳು ಕುಂದ್ರತೈತಿ ಅಂತ ಒಳಗಿಟ್ಟೀವಿ.”

“ಹಂಗಾದ್ರ ನೀವೂ ಒಳಗ ಕುಂತು ನೋಡಬೇಕಾಗತೈತಿ ತಾಯಿ” ಎಂದೆ. ಆಕೆ ನಗುತ್ತ ಹೊರಗಿಟ್ಟಳು.

ಇನ್ನು ಆ ಹಟ್ಟಿಯ ವಿಷಯ. ಸರೋಜಾ ಹೋಗಿ ಕೆಲವು ತಿಂಗಳಾಗಿತ್ತು. ಕಾಯಿಲೆ ಬಂದದ್ದೂ ಅವಳು ಹೋದದ್ದೂ ಒಂದೇ ಮಳೆಗಾಲದೊಳಗೆ ಆಗಿಹೋಯಿತು. ಅದನ್ನು ಬರೆಯಲು ಇನ್ನೂ ಆಗುವುದಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು, ಸಂಜೆ ಮಾತ್ರ ಮನೆಯೊಳಗೆ ನಿಲ್ಲಲು ಆಗುತ್ತಿರಲಿಲ್ಲ. ಸ್ಕೂಟರ್ ತೆಗೆದು ಉಜ್ಜಿನಿಯವರೆಗೆ ಸುಮ್ಮನೆ ಹೋಗಿ ಬರುತ್ತಿದ್ದೆ. ಇದನ್ನು ಕೇಳಿದ ಸೋಮಶೇಖರ ಒಂದು ದಿನ ಫೋನು ಮಾಡಿದ. ಅವನು ಕೂಡ್ಲಿಗಿ ಕಡೆ ಇಂಟರ್ನೆಟ್ ಹಾಕುವ ಗುತ್ತಿಗೆ ಹಿಡಿದವನು, ಹಿಂದೆ ನನ್ನ ಜೊತೆ ಕೇಬಲ್ ಎಳೆದವನು.

“ಅಣ್ಣಾರ, ಸುಮ್ಮ ತಿರುಗತೀರಂತ, ಒಂದು ಕಡಿಗೆ ತಿರುಗರಿ. ಒಂದು ಮನಿ ನನ್ನ ಪ್ರಾಣ ತಿಂತೈತಿ.”

ಅವನು ಹೇಳಿದ್ದು ಹೀಗೆ. ಗುಡ್ಡಗಳ ನಡುವಿನ ತಗ್ಗಿನಲ್ಲಿರುವ ಹಟ್ಟಿ. ಬಂಡೆ ಹತ್ತಿದರೆ ಮಾತ್ರ ಮೊಬೈಲು ಸಿಗುತ್ತದೆ, ಅದೂ ಮಾತಾಡುವಷ್ಟು. ಆ ಮನೆಯ ಸೊಸೆ ನಿಂಗಮ್ಮನಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ, ಶಾಲೆಗೆ ಹೋದವಳಲ್ಲ. ಗಂಡ ಬೀರಪ್ಪ ಕುರಿ ಹೊಡೆದುಕೊಂಡು ಹೊಳೆಯ ಕಡೆಯ ಗದ್ದೆ ಬಯಲಿಗೆ ಹೋಗಿದ್ದಾನೆ. ಕುರಿ ಮರಿ ಹಾಕುವ ಕಾಲ, ಬಿಟ್ಟು ಬರುವಂತಿಲ್ಲ. ಅವರ ಹೆಣ್ಣುಮಗುವಿಗೂ ಕಿವಿ ಕೇಳುವುದಿಲ್ಲ ಎಂದು ಈಗ ಗೊತ್ತಾಗಿದೆ. ಕಿವಿಯ ಹಿಂದೆ ಕೊಯ್ದು ಯಂತ್ರ ಕೂರಿಸಿದರೆ ಕೇಳಬಹುದು, ಎಷ್ಟು ಬೇಗವೋ ಅಷ್ಟು ಒಳ್ಳೆಯದು ಎಂದು ದೊಡ್ಡಾಸ್ಪತ್ರೆಯಲ್ಲಿ ಹೇಳಿದ್ದಾರೆ. ಈ ವಾರದೊಳಗೆ ಹೂಂ ಎನ್ನಬೇಕು, ಇಲ್ಲದಿದ್ದರೆ ಸರದಿ ಬೇರೆಯವರಿಗೆ ಹೋಗುತ್ತದೆ. ಬೀರಪ್ಪನದು ಒಂದೇ ಹಟ: ಹೆತ್ತವಳನ್ನು ಕೇಳದೆ ನಾನು ಏನೂ ಹೇಳುವುದಿಲ್ಲ.

ಅವರಿಬ್ಬರ ಮಾತೆಲ್ಲ ಕೈಯಲ್ಲಿ. ಅದು ಅವರೇ ಕಟ್ಟಿಕೊಂಡ ಮಾತು, ಮನೆಯ ಉಳಿದವರಿಗೆ ಊಟ, ನೀರು, ಬಾ, ಹೋಗು ಬಿಟ್ಟರೆ ತಿಳಿಯದು. ಆದ್ದರಿಂದ ಮುಖ ಕಾಣುವ ಕರೆಯೇ ಆಗಬೇಕು. ನಿಂಗಮ್ಮನನ್ನು ಕೂಡ್ಲಿಗಿಗೆ ಕರೆದುಕೊಂಡು ಹೋಗಿ ನೋಡಿದರಂತೆ. ಹಗಲು ಬೀರಪ್ಪ ಕುರಿಯ ಹಿಂದೆ ಇರುತ್ತಾನೆ, ಫೋನು ಗದ್ದೆ ಮಾಲೀಕರ ಮನೆಯಲ್ಲಿ ಚಾರ್ಜಿಗೆ ಇರುತ್ತದೆ. ಅವನು ಸಿಗುವುದು ಕುರಿಗಳನ್ನು ತಡಿಕೆಯ ದೊಡ್ಡಿಗೆ ಹಾಕಿದ ಮೇಲೆ, ಸಂಜೆ. ಆ ಹೊತ್ತಿಗೆ ಕೂಡ್ಲಿಗಿಯಿಂದ ಹಟ್ಟಿಗೆ ಬಸ್ಸಿಲ್ಲ. ಹಟ್ಟಿಯ ಶಾಲೆಯವರೆಗೆ ಗಾಜಿನ ಎಳೆ ಬಂದಿತ್ತು, ಅಲ್ಲಿಂದ ಎಳೆಸಿ ಈ ಮನೆಗೆ ರೂಟರ್ ಹಾಕಿಸಿಕೊಂಡಿದ್ದರು.

“ನಾವಿದ್ದಾಗ ಹಸಿರು. ನಾವು ಬಂದ್ಮ್ಯಾಲೆ ಕೆಂಪು. ಪೆಟಿಗಿ ಬದ್ಲಿ ಮಾಡಿದ್ವಿ. ತುದಿ ಕತ್ತರಿಸಿ ಹೊಸಾದು ಕಟ್ಟಿದ್ವಿ. ಮರುದಿನ ಮತ್ತ ಅದೇ ಹಾಡು.” ಸೋಮಶೇಖರ ದನಿ ತಗ್ಗಿಸಿದ. “ಹಟ್ಟ್ಯಾಗ ಮಂದಿ ಏನಂತಾರ ಗೊತ್ತೇನು? ಅತ್ತಿನೇ ವೈರ್ ಕೀಳ್ತಾಳಂತ. ಸೊಸಿ ಗಂಡನ ಕೂಡ ಮಾತಾಡಬಾರದು ಅಂತ. ಮುದುಕಿಗೆ ಮಗುವಿನ ತಲಿ ಕೊಯ್ಯೋದು ಬ್ಯಾಡಾಗೇತಿ.”

ಮರುದಿನ ಮಧ್ಯಾಹ್ನ ಹೋದೆ. ಮನೆ ಚೊಕ್ಕಟವಾಗಿತ್ತು. ಅತ್ತೆ ಹಾಲಮ್ಮ ಬಾಗಿಲಲ್ಲಿ ಕೂತು ಉಣ್ಣೆ ಬಿಡಿಸುತ್ತಿದ್ದಳು. ನಿಂಗಮ್ಮ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡೇ ನನ್ನನ್ನು ನೇರ ರೂಟರ್ ಬಳಿಗೆ ಕರೆದುಕೊಂಡು ಹೋಗಿ, ಕೆಂಪು ದೀಪಕ್ಕೆ ಬೆರಳು ತೋರಿಸಿ, ನನ್ನ ಮುಖ ನೋಡಿದಳು. ಆ ನೋಟಕ್ಕೆ ಯಾವ ಕೈಮಾತೂ ಬೇಕಿರಲಿಲ್ಲ.

ಪೆಟ್ಟಿಗೆ ದೇವರ ಗೂಡಿನ ಪಕ್ಕದ ಹಲಗೆಯ ಮೇಲಿತ್ತು. ಅದರ ನೆತ್ತಿಯ ಮೇಲೆ ಭಂಡಾರ, ಎಂದರೆ ಮೈಲಾರಲಿಂಗನ ಅರಿಸಿನ ಪುಡಿ. ಅದರಲ್ಲೇನೂ ವಿಶೇಷವಿಲ್ಲ. ನಮ್ಮ ಕಡೆ ಟ್ರ್ಯಾಕ್ಟರಿನಿಂದ ಮಿಕ್ಸಿಯವರೆಗೆ ಭಂಡಾರವೋ ವಿಭೂತಿಯೋ ಕಾಣದ ಹೊಸ ಯಂತ್ರ ಇಲ್ಲ. ಸೋಮಶೇಖರನ ಕಡೆಯವರಂತೆ ನಾನೂ ಅದನ್ನು ನೋಡಿ ಮುಂದಕ್ಕೆ ಹೋದೆ. ಎಳೆಯ ತುದಿಯನ್ನು ಅಳೆದೆ. ಬೆಳಕು ತೀರಾ ಕಡಿಮೆ. ಶಾಲೆಯವರೆಗೆ ಹೋಗಿ ಅಲ್ಲಿಯೂ ಅಳೆದೆ. ಅಲ್ಲಿ ಸರಿ ಇತ್ತು. ತುದಿಯನ್ನು ಒರೆಸಿ, ಬಟ್ಟೆಗೆ ಏನು ಹತ್ತಿತೆಂದು ನೋಡದೆ ಚುಚ್ಚಿದೆ, ಕೂಡಲೇ ಹಸಿರು ಬಂತು.

ನಿಂಗಮ್ಮ ಮಗುವಿನ ಕೈ ಹಿಡಿದು ಹಸಿರು ದೀಪಕ್ಕೆ ತಾಗಿಸಿದಳು. ನಗಲಿಲ್ಲ. ಹಸಿರು ಬಂದು ಹೋಗುವುದನ್ನು ಅವಳು ಸಾಕಷ್ಟು ನೋಡಿದ್ದಳು.

ಹಾಲಮ್ಮನ ಪಕ್ಕ ಕೂತು ಕೇಳಿದೆ: “ಯವ್ವಾ, ಈ ಪೆಟಿಗಿಗೆ ನೀವೇನರ ಮಾಡ್ತೀರೇನು?”

“ನಾವ್ಯಾಕ ಮಾಡನ ಯಪ್ಪಾ. ಏನೂ ಮಾಡಂಗಿಲ್ಲ. ಮುಟ್ಟಂಗೂ ಇಲ್ಲ.”

ನೇರ ಪ್ರಶ್ನೆಗೆ ನೇರ ಸುಳ್ಳು ಬಂತೆಂದು ಆಗ ಅಂದುಕೊಂಡೆ. ಹಟ್ಟಿಯವರ ಮಾತೇ ನಿಜವಿರಬಹುದು ಅನ್ನಿಸಿತು. ಎದ್ದು ಅಂಗಳದಲ್ಲಿ ಅಡ್ಡಾಡಿದೆ. ಕೆಲಸ ಮುಗಿದಿದೆ, ಹಸಿರು ಇದೆ, ಹೊರಡಬಹುದು. ಬಿಸಿಲು ಇಳಿಯತೊಡಗಿತ್ತು, ನನ್ನ ಕಾಲುಗಳು ಸ್ಕೂಟರಿನ ಕಡೆಗೇ ಎಳೆಯುತ್ತಿದ್ದವು. ಆದರೆ ಹೊರಟರೆ ನಾನೂ ‘ಎಲ್ಲಾ ಛಲೋ ಐತಿ’ ಎಂದು ಬರೆದು ಬಂದವನಾಗುತ್ತೇನೆ. ಮತ್ತೆ ಹೋಗಿ ಕೂತೆ. ಈ ಸಲ ಸರೋಜಾಳಂತೆ ಕೇಳಿದೆ.

“ಯವ್ವಾ, ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತಿ, ಹೇಳಿಕೋತ ಬಾ.”

“ನನ್ನ ಹಾಡೇನು ಕೇಳ್ತಿ. ಏಳತೀನಿ, ಕಸ ಹೊಡಿತೀನಿ, ಮನ್ಯಾಗಿನ ಮರಿಗೆ ಸೊಪ್ಪು ಹಾಕತೀನಿ. ರೊಟ್ಟಿ ಆಕಿ ಬಡಿತಾಳ. ಮಧ್ಯಾಹ್ನ ಉಣ್ಣಿ ಬಿಡಸ್ತೀನಿ. ಹೊತ್ತು ಮುಣಗಿದ್ರ ದೀಪ ಹಚ್ಚತೀನಿ. ದೀಪ ಹಚ್ಚಿ ಎಲ್ಲಾರಿಗೂ ಮುಟ್ಟಸ್ತೀನಿ.”

“ಎಲ್ಲಾರಿಗೂ ಅಂದ್ರ?”

“ದೇವರಿಗೆ. ಒನಕಿಗೆ. ಕುರಿ ಕತ್ತರಸೋ ಕತ್ತರಿಗೆ.” ಅವಳು ಗೂಡಿನ ಪಕ್ಕದ ಪೆಟ್ಟಿಗೆಯ ಕಡೆ ಕತ್ತು ತಿರುಗಿಸಿದಳು. “ಇವನಿಗೆ.”

ದೀಪ ಹಚ್ಚುವವರೆಗೆ ಕೂತೆ. ಹಾಲಮ್ಮ ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ದೀಪ ಹಚ್ಚಿ, ಚೀಲದಿಂದ ಭಂಡಾರ ತೆಗೆದಳು. ದೇವರಿಗೆ ಹಚ್ಚಿದಳು, ಒನಕೆಗೆ ಹಚ್ಚಿದಳು, ಕತ್ತರಿಗೆ ಹಚ್ಚಿದಳು. ಆಮೇಲೆ ರೂಟರ್ ಮುಂದೆ ನಿಂತು, ಎಳೆಯ ತುದಿಯನ್ನು ಬಹಳ ಜೋಪಾನವಾಗಿ ಹೊರಗೆಳೆದು, ಭಂಡಾರದಲ್ಲಿ ಅದ್ದಿ, ಎರಡೂ ಕಣ್ಣಿಗೆ ಒತ್ತಿಕೊಂಡು, ತಿರುಗಿ ಅದರ ಜಾಗದಲ್ಲೇ ಚುಚ್ಚಿದಳು. ದೀಪ ಕೆಂಪಾಯಿತು.

ಕೂದಲಿಗಿಂತ ಸಣ್ಣ ಎಳೆ ಅದು. ಅದರ ಬಾಯಿಗೆ ಒಂದು ಕಣ ಧೂಳು ಕೂತರೆ ಬೆಳಕು ನಿಲ್ಲುತ್ತದೆ, ಇಲ್ಲಿ ದಿನಾ ಒಂದು ಚಿಟಿಕೆ ಅರಿಸಿನ.

“ಯವ್ವಾ, ಏನು ಮಾಡಿದಿ ಈಗ?”

“ಏನ್ ಮಾಡ್ದೆ? ಭಂಡಾರ ಮುಟ್ಟಸ್ದೆ. ಮಗನ ಕೂಡ ಮಾತಾಡೋ ಹೊತ್ತು ಬಂತಲ್ಲ. ಈ ದಾರದ ಬಾಯಾಗಿಂದನೇ ಮಾತು ಬರತೈತಿ ಅಂದಿದ್ರು ಆ ಹುಡುಗರು. ಅದ್ಕೇ ಬಾಯಿಗೆ ಹಚ್ಚೀನಿ.”

ಹಟ್ಟಿಯವರು ಹೇಳಿದ್ದು ಅರ್ಧ ನಿಜ. ವೈರ್ ಕೀಳುತ್ತಿದ್ದವಳು ಅತ್ತೆಯೇ. ಕೀಳುತ್ತಿದ್ದದ್ದು ಮಾತು ಆಗಲಿ ಎಂದು. ಕರೆ ಆಗದೆ ಹೋದಷ್ಟೂ ಮರುದಿನ ಹೆಚ್ಚು ಭಂಡಾರ. ಅವಳ ಲೆಕ್ಕದಲ್ಲಿ ಅದು ‘ಏನಾದರೂ ಮಾಡುವುದು’ ಅಲ್ಲವೇ ಅಲ್ಲ, ಉಸಿರಾಡಿದಂತೆ. ಆದ್ದರಿಂದ ಕೇಳಿದವರಿಗೆಲ್ಲ ಏನೂ ಮಾಡಿಲ್ಲ ಎಂದಿದ್ದಳು. ಅವಳು ಸುಳ್ಳು ಹೇಳಿರಲಿಲ್ಲ.

ನಾನು ವಿವರಿಸಿದೆ. ಹಾಲಮ್ಮನ ಮುಖ ಬಾಡಿತು.

“ಹಂಗಾರ ದೇವ್ರೇ ಅಡ್ಡಾದನೇನು?”

“ಇಲ್ಲ ಬಿಡವ್ವ. ನೀ ದೇವರಿಗೆ ಎಲ್ಲಿ ಹಚ್ಚತಿ?”

“ಹಣಿಗೆ.”

“ಬಾಯಾಗ ತುಂಬತಿಯೇನು?”

ಅವಳು ನನ್ನನ್ನು ನೋಡಿ, ದೇವರ ಗೂಡು ನೋಡಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. “ಯಪ್ಪಾ ಶಿವನೇ, ಇವನ ಬಾಯಾಗ ದಿನಾ ತುಂಬೀನಲ್ಲೋ. ಹೆಂಗ ಮಾತಾಡಬೇಕಿತ್ತು ಇವ.”

“ಪೆಟಿಗಿ ಹಣಿಗೆ ಎಷ್ಟು ಬೇಕಾದ್ರೂ ಹಚ್ಚು. ದಾರ ಮಾತ್ರ ಕೀಳಬ್ಯಾಡ.”

ಹೊಸಬರು ಇದನ್ನೂ ಗಮನಿಸಿ. ತುದಿಯನ್ನು ಸ್ಪಿರಿಟ್ ಬಟ್ಟೆಯಿಂದ ಒರೆಸಿದೆ, ಪೆಟ್ಟಿಗೆಯ ತೂತನ್ನೂ ಕಡ್ಡಿಯಿಂದ ಸ್ವಚ್ಛ ಮಾಡಿದೆ. ತುದಿ ಮಾತ್ರ ಒರೆಸಿದರೆ ತೂತಿನಲ್ಲಿ ಉಳಿದದ್ದು ಮತ್ತೆ ಮೆತ್ತಿಕೊಳ್ಳುತ್ತದೆ. ಒರೆಸಿದ ಬಟ್ಟೆಯನ್ನು ಕಸಕ್ಕೆ ಎಸೆಯದೆ ಹಾಲಮ್ಮನ ಕೈಗೆ ಕೊಟ್ಟೆ. ಅದು ಅವಳ ದೇವರ ಭಂಡಾರ. ಅವಳು ಅದನ್ನು ಅಂಗಳದ ತುಳಸಿಯ ಬುಡಕ್ಕೆ ಕೊಡವಿ ಬಂದಳು.

ಹಸಿರು ನಿಂತಿತು. ನಿಂಗಮ್ಮ ಆಗಲೇ ಫೋನು ಹಿಡಿದುಕೊಂಡು ನಿಂತಿದ್ದಳು. ಒತ್ತಿದಳು. ಪರದೆಯಲ್ಲಿ ಗಾಲಿ ತಿರುಗಿತು, ತಿರುಗಿತು, ಬೀರಪ್ಪನ ಮುಖ ಬಂತು. ತಲೆಗೆ ರುಮಾಲು, ಹಿಂದೆ ಕುರಿಗಳ ಸದ್ದು. ನಿಂಗಮ್ಮ ಫೋನನ್ನು ಗೋಡೆಗೆ ಒರಗಿಸಿ ಎರಡೂ ಕೈ ಎತ್ತಿದಳು. ಫೋನು ಜಾರಿತು. ಮತ್ತೆ ಒರಗಿಸಿದಳು, ಮತ್ತೆ ಜಾರಿತು.

“ಯಾರದಾರ ಅಲ್ಲಿ?” ಬೀರಪ್ಪ ಕೂಗಿದ. “ಆಕಿ ಕೈ ಕಾಣವಲ್ದು. ಯಾರರ ಹಿಡೀರಿ. ಬೆಳಕಿಗೆ ಹಿಡೀರಿ.”

ಹಾಲಮ್ಮನ ಕಂಕುಳಲ್ಲಿ ಮಗು ಇತ್ತು. ನಾನೇ ಫೋನು ತೆಗೆದುಕೊಂಡು, ನಿಂಗಮ್ಮನಿಂದ ಎರಡು ಮಾರು ಹಿಂದೆ ಸರಿದು, ಬಲ್ಬು ಅವಳ ಕೈಯ ಮೇಲೆ ಬೀಳುವಂತೆ ನಿಂತು ಹಿಡಿದೆ.

ಅವಳು ಮಾತಾಡಿದಳು. ಕಿವಿ ತೋರಿಸಿದಳು, ಮಗುವನ್ನು ತೋರಿಸಿದಳು, ಎದೆ ಮುಟ್ಟಿಕೊಂಡಳು. ಆಮೇಲಿನದು ನನಗೆ ತಿಳಿಯಲಿಲ್ಲ. ಕೈಗಳು ಅಷ್ಟು ವೇಗ. ಬೀರಪ್ಪ ನಡುನಡುವೆ ಒಂದೇ ಕೈಯಲ್ಲಿ ಏನೋ ಕೇಳಿದ, ಅವಳು ತಲೆ ಅಡ್ಡ ಹಾಕಿ ಮತ್ತೆ ಮೊದಲಿಂದ ಹೇಳಿದಳು. ಅಜ್ಜಿಯ ಕಂಕುಳಲ್ಲಿದ್ದ ಮಗು ತಾಯಿಯ ಕೈಯನ್ನೇ ನೋಡುತ್ತಿತ್ತು.

“ಏನಂತಾಳಲೇ?” ಹಾಲಮ್ಮ ತಡೆಯಲಾರದೆ ಕೇಳಿದಳು.

“ತಡಿಯವ್ವ.” ಅವನು ರುಮಾಲಿನ ತುದಿಯಿಂದ ಮೂಗು ಒರೆಸಿಕೊಂಡ. “ಹೂಂ ಅಂತಾಳ. ಮಾಡಸೋಣಂತಾಳ. ಕೂಸಿನ್ನ ತಾನೇ ಎತ್ತಿಕಂಡು ಒಳಗ ಹೋಗತಾಳಂತ, ಬ್ಯಾರೇರ ಕೈಯಾಗ ಕೊಡಂಗಿಲ್ಲಂತ. ಆಮ್ಯಾಲೆ ಮಾತು ಬಂದ್ರೂ ಮನ್ಯಾಗ ಕೈಲೇ ಮಾತಾಡಬೇಕಂತ. ನಮ್ಮಿಬ್ರ ಕೂಡ.”

“ಆಕಿ ಒಲ್ಲೆ ಅಂತಾಳ ಅಂತ ನಾ ಅನಕಂಡಿದ್ನಲ್ಲೋ” ಎಂದಳು ಹಾಲಮ್ಮ. ಮಗುವನ್ನು ಇನ್ನೊಂದು ಕಂಕುಳಿಗೆ ಬದಲಿಸಿ, “ನಂಗೂ ಕಲಸಂತ ಹೇಳು ಆಕಿಗೆ” ಎಂದಳು.

ಬೀರಪ್ಪ ಅದನ್ನು ಕೈಯಲ್ಲಿ ಹೇಳಿದ. ನಿಂಗಮ್ಮ ಅತ್ತೆಯ ಕಡೆ ತಿರುಗಿ ನೋಡಿದಳು. ಆಮೇಲೆ ಮತ್ತೆ ಫೋನಿನ ಕಡೆ ತಿರುಗಿ ಕೈ ಎತ್ತಿದಳು.

ಮುಖ್ಯವಾದದ್ದು ಮುಗಿದಿತ್ತು. ಹೊರಗೆ ಪೂರ್ತಿ ಕತ್ತಲಾಗಿರಲಿಲ್ಲ, ಕೊಟ್ಟೂರಿಗೆ ಹೊರಡಬಹುದಿತ್ತು. “ಮುಗೀತೇನಪ್ಪಾ?” ಎಂದು ಕೇಳಿದೆ.

“ಇಲ್ರಿ ಅಣ್ಣಾರ. ಈಗ ಕುರಿ ಸುದ್ದಿ ಕೇಳಾಕತ್ತಾಳ. ಯಾವ ಕುರಿ ಮರಿ ಹಾಕೇತಿ, ಯಾವುದು ಹಾಕಿಲ್ಲ ಅಂತ. ನಾನು ಸರಿಯಾಗಿ ಉಂಡೀನೋ ಇಲ್ಲೋ ಅಂತ. ಇನ್ನೊಂದೀಟು ಹಿಡಕಳ್ರಿ.”

ಬಲಗೈ ಸೋತಿತ್ತು. ಎಡಗೈಗೆ ಬದಲಿಸಿ, ಅವಳ ಕೈ ಚೆನ್ನಾಗಿ ಕಾಣುವಂತೆ ಹಿಡಿದುಕೊಂಡು ನಿಂತೆ.